ಪ್ಯಾರಿಸ್‌ನಲ್ಲಿ ಐದು ಜನರ ಕುಟುಂಬಕ್ಕೆ ವಸತಿ: ಮಂಡಿನೋವಿನ ಅತ್ತೆ, ಇಬ್ಬರು ಮಕ್ಕಳು, ಬಿಗಿ ಬಜೆಟ್

ಶರಾವತಿ ತೀರ

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ, ಮಕ್ಕಳ ಶಾಲೆ ಮತ್ತೆ ತೆರೆಯುವ ಮುನ್ನ, ಒಂದು ವಾರದ ಮಟ್ಟಿಗೆ ಪ್ಯಾರಿಸ್‌ಗೆ ಹೋಗಿಬರುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ನಾನು, ಯಜಮಾನರು, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಜೊತೆಗೆ ನನ್ನ ಅತ್ತೆ. ಅತ್ತೆಯವರಿಗೆ ಅರವತ್ತೆಂಟು ವರ್ಷ. ಮಂಡಿನೋವಿದೆ. ಸಮತಟ್ಟಾದ ನೆಲದಲ್ಲಿ ಚೆನ್ನಾಗಿಯೇ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ಮುಖ ಬಾಡುತ್ತದೆ. ಶುದ್ಧ ಸಸ್ಯಾಹಾರಿ. ರಾತ್ರಿ ಒಂದು ತುತ್ತು ಮೊಸರನ್ನ ಬೀಳದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಅಲ್ಲ.

ವಸತಿಗೆ ರಾತ್ರಿಗೆ 180 ಯೂರೋ ಎಂದು ಇಟ್ಟುಕೊಂಡಿದ್ದೇವೆ, ಅನಿವಾರ್ಯವಾದರೆ 200. ಜಾಲತಾಣಗಳಲ್ಲಿ ಐದು ಜನ ಎಂದು ನಮೂದಿಸಿದ ಕೂಡಲೇ ಎರಡು ಕೋಣೆ ತೆಗೆದುಕೊಳ್ಳಿ ಎನ್ನುತ್ತವೆ, ದರ ದುಪ್ಪಟ್ಟಾಗುತ್ತದೆ. ಮಗಳಿಗೆ ಕಿಟಕಿಯಿಂದ ಐಫೆಲ್ ಗೋಪುರ ಕಾಣಬೇಕೆಂಬ ಆಸೆ. ನಾವು ಶಿವಮೊಗ್ಗದವರು, ಯುರೋಪಿಗೆ ಇದೇ ಮೊದಲು. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಬಿಡಲೇಬಾರದು ಎಂದು ಹೋಗಿಬಂದವರು, ಅಲ್ಲಿಯೇ ಇರುವವರು ದಯವಿಟ್ಟು ತಿಳಿಸಿ.

ಸೇನ್ ದಂಡೆ

ಅಕ್ಕ, ನಾನು ಪ್ಯಾರಿಸ್ ಪಕ್ಕದಲ್ಲೇ ಬಹುಕಾಲದಿಂದ ಇದ್ದೇನೆ. ಊರಿನಿಂದ ಬರುವ ಬಂಧುಗಳಿಗೆ ವಸತಿ ಹುಡುಕಿಕೊಡುವ ಕೆಲಸ ಪ್ರತಿ ಬೇಸಿಗೆಯಲ್ಲೂ ನನ್ನ ಪಾಲಿಗೆ ಬರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬಜೆಟ್ ಅಲ್ಲ, ಅತ್ತೆಯವರ ಮಂಡಿ.

ಪ್ಯಾರಿಸ್ ಮೆಟ್ರೋ 1900ರಲ್ಲಿ ಶುರುವಾದದ್ದು. ಬಹುಪಾಲು ನಿಲ್ದಾಣಗಳಲ್ಲಿ ಇಂದಿಗೂ ಲಿಫ್ಟ್ ಇಲ್ಲ. ಬೆಂಗಳೂರಿನ ನಮ್ಮ ಮೆಟ್ರೋವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇಲ್ಲಿ ದಂಗಾಗುತ್ತಾರೆ. ರಸ್ತೆಯಿಂದ ಒಂದು ಸಾಲು ಮೆಟ್ಟಿಲು ಇಳಿದರೆ ಟಿಕೆಟ್ ಗೇಟು. ಅದನ್ನು ದಾಟಿದರೆ ಬಿಳಿ ಟೈಲ್ಸಿನ ಓಣಿ, ಓಣಿ ತಿರುಗಿದಲ್ಲಿ ಮತ್ತೆ ಎಂಟು ಹತ್ತು ಮೆಟ್ಟಿಲು ಕೆಳಕ್ಕೆ, ನಾಲ್ಕು ಹೆಜ್ಜೆ ಹೋದರೆ ಅಷ್ಟೇ ಮೆಟ್ಟಿಲು ಮೇಲಕ್ಕೆ. ಮಾರ್ಗ ಬದಲಿಸುವಾಗ ಇದೆಲ್ಲ ಇನ್ನೊಮ್ಮೆ. ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಅತ್ತೆಯವರನ್ನು ಹಿಡಿದುಕೊಂಡು ದಿನಕ್ಕೆ ನಾಲ್ಕು ಸಲ ಇದನ್ನು ಮಾಡಿದರೆ ಮೂರನೆಯ ದಿನ ಯಾರೂ ಕೋಣೆಯಿಂದ ಹೊರಡುವುದಿಲ್ಲ.

ಇದಕ್ಕೆ ಅಪವಾದ 14ನೇ ಮಾರ್ಗ. 1998ರಲ್ಲಿ ಆರಂಭವಾದ ಈ ಮಾರ್ಗದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. 2024ರ ಜೂನ್‌ನಿಂದ ಇದು ದಕ್ಷಿಣದಲ್ಲಿ ಓರ್ಲಿ ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಬೆರ್ಸಿ, ಕೂರ್ ಸೇಂತ್ ಎಮಿಲಿಯೋಂ, ಬಿಬ್ಲಿಯೊತೆಕ್ ಫ್ರಾಂಸ್ವಾ ಮಿತ್ತೆರಾಂ, ಒಲಿಂಪಿಯಾದ್, ಈ ನಾಲ್ಕು ನಿಲ್ದಾಣಗಳ ಸುತ್ತಮುತ್ತ ಹುಡುಕಿ. ಒಂದೇ ಗಾಡಿಯಲ್ಲಿ ಶಾತ್ಲೆ ನಿಲ್ದಾಣಕ್ಕೆ ಹೋದರೆ ನೋತ್ರ್ ದಾಮ್ ಚರ್ಚು ಹತ್ತಿರ, ಪಿರಾಮಿದ್‌ನಲ್ಲಿ ಇಳಿದರೆ ಲೂವ್ರ್ ವಸ್ತುಸಂಗ್ರಹಾಲಯ ಹತ್ತಿರ. ಗಾಡಿಗೆ ಚಾಲಕನಿಲ್ಲ. ಮಕ್ಕಳು ಮುಂದಿನ ಗಾಜಿಗೆ ಮೂಗು ಒತ್ತಿಕೊಂಡು ಸುರಂಗ ನೋಡುತ್ತಾ ನಿಲ್ಲುತ್ತಾರೆ, ಅವರಿಗೆ ಅದೇ ಒಂದು ಜಾತ್ರೆ. ಒಂದು ಎಚ್ಚರ: ಬೆರ್ಸಿಯಂಥ ನಿಲ್ದಾಣದಲ್ಲಿ 14ಕ್ಕೆ ಲಿಫ್ಟ್ ಇದೆಯೆಂದ ಮಾತ್ರಕ್ಕೆ ಅಲ್ಲಿಯೇ ಹಾದುಹೋಗುವ 6ನೇ ಮಾರ್ಗಕ್ಕೂ ಇದೆಯೆಂದು ತಿಳಿಯಬೇಡಿ.

14 ಹೋಗದ ಕಡೆಗೆ ಬಸ್ ಹತ್ತಿ. ಪ್ಯಾರಿಸ್ ಬಸ್ಸುಗಳ ನೆಲ ತಗ್ಗಾಗಿರುತ್ತದೆ, ಹತ್ತುವುದು ಸುಲಭ. 69ನೇ ನಂಬರಿನ ಬಸ್ಸು ಬಾಸ್ತೀಯ್‌ನಿಂದ ಲೂವ್ರ್ ಪಕ್ಕದಲ್ಲೇ ಹಾದು ಐಫೆಲ್ ಗೋಪುರದ ಮುಂದಿನ ಶಾಂ ದ ಮಾರ್ಸ್ ತನಕ ಹೋಗುತ್ತದೆ. ಅತ್ತೆಯವರು ಕಿಟಕಿ ಪಕ್ಕ ಕುಳಿತು ಅರ್ಧ ಊರನ್ನು ನೋಡಿಬಿಡಬಹುದು.

ಗೋಪುರ ಕಾಣುವ ಕಿಟಕಿಯನ್ನು ಬಿಟ್ಟುಬಿಡಿ. ಆ ಕಿಟಕಿಗೆ ಕೊಡುವ ಹಣದಲ್ಲಿ ಬೇರೆ ಕಡೆ ಒಂದು ಅಡುಗೆಮನೆ, ಒಂದು ಬಾಗಿಲು, ಒಂದು ಲಿಫ್ಟ್ ಬರುತ್ತದೆ. ಸಂಜೆ ಕತ್ತಲಾದ ಮೇಲೆ ಪ್ರತಿ ಗಂಟೆಯ ಆರಂಭದಲ್ಲಿ ಗೋಪುರ ಐದು ನಿಮಿಷ ಮಿನುಗುತ್ತದೆ, ಅದನ್ನು ಹುಲ್ಲಿನ ಮೇಲೆ ಕುಳಿತು ನೋಡಿದರೆ ಮಗಳ ಆಸೆಯೂ ತೀರುತ್ತದೆ. ಮೇ ತಿಂಗಳಲ್ಲಿ ಕತ್ತಲಾಗುವುದು ರಾತ್ರಿ ಹತ್ತರ ಹೊತ್ತಿಗೆ, ಆ ದಿನ ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಕರೆದೊಯ್ಯಿರಿ.

ಇಬ್ಬರ ಅಮ್ಮ

ಸೇನ್ ದಂಡೆಯವರು ಜಾಗದ ಮಾತು ಹೇಳಿದ್ದಾರೆ, ನಾನು ಹಾಸಿಗೆಯ ಮಾತು ಹೇಳುತ್ತೇನೆ. ಹೋಟೆಲ್ ಹುಡುಕುವಾಗ ನಕ್ಷತ್ರ ನೋಡುವುದನ್ನು ಬಿಟ್ಟು, ಕೋಣೆಯ ವಿವರದಲ್ಲಿ ಹಾಸಿಗೆಗಳ ಸಾಲನ್ನು ಮೊದಲು ಓದಿ. ಫ್ರಾನ್ಸಿನಲ್ಲಿ ಇಬ್ಬರ ಹಾಸಿಗೆ ಎಂದರೆ ಹೆಚ್ಚಾಗಿ 140 ಸೆಂಟಿಮೀಟರ್ ಅಗಲದ್ದು. ನಮ್ಮಲ್ಲಿ ಗಂಡ, ಹೆಂಡತಿ, ನಡುವೆ ಮಗು ಎಂದು ಮಲಗುವ ಅಗಲ ಅಲ್ಲಿಲ್ಲ. ಅದರಲ್ಲಿ ಮೂವರು ಮಲಗಿದರೆ ಒಬ್ಬರು ನೆಲದ ಪಾಲು.

ಮಕ್ಕಳ ವಯಸ್ಸನ್ನು ಇದ್ದದ್ದನ್ನು ಇದ್ದಂತೆ ನಮೂದಿಸಿ. ಇಬ್ಬರು ಎಂದು ಹೇಳಿ ನಾಲ್ವರು ಹೋಗಿ ನಿಂತರೆ ಒಳಗೆ ಬಿಡುವುದಿಲ್ಲ. ಒಂದು ಕೋಣೆಯಲ್ಲಿ ಎಷ್ಟು ಜನ ಮಲಗಬಹುದು ಎಂಬುದನ್ನು ಅಗ್ನಿ ಸುರಕ್ಷತೆಯ ದೃಷ್ಟಿಯಿಂದಲೂ ನಿಗದಿ ಮಾಡಿರುತ್ತಾರೆ, ಅದು ಸ್ವಾಗತ ಮೇಜಿನವರ ಹಟವಲ್ಲ. ಅವರು ಉಚಿತವಾಗಿ ಕೊಡುವ ತೊಟ್ಟಿಲು ಎರಡು ವರ್ಷದೊಳಗಿನ ಮಕ್ಕಳಿಗೆ, ನಿಮ್ಮ ನಾಲ್ಕು ವರ್ಷದವನಿಗೆ ಪೂರ್ಣ ಹಾಸಿಗೆಯೇ ಬೇಕು.

ನೊವೊಟೆಲ್ ಸರಪಳಿಯಲ್ಲಿ ತಂದೆ ತಾಯಿಯ ಕೋಣೆಯಲ್ಲೇ ಮಲಗುವ 16 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ವಸತಿಯೂ ಬೆಳಗಿನ ತಿಂಡಿಯೂ ಉಚಿತ ಎಂಬ ಏರ್ಪಾಡು ಬಹಳ ಕಾಲದಿಂದ ಇದೆ. ನಾಲ್ವರ ಕುಟುಂಬಕ್ಕೆ ಅದು ಹೇಳಿ ಮಾಡಿಸಿದಂಥದ್ದು. ಆದರೆ ನೀವು ಐವರು. ಅತ್ತೆಯವರನ್ನು ಬೇರೆ ಕೋಣೆಯಲ್ಲಿ, ಅದೂ ಬೇರೆ ಮಹಡಿಯಲ್ಲಿ, ಭಾಷೆ ಬಾರದ ಊರಿನಲ್ಲಿ ಒಬ್ಬರನ್ನೇ ಮಲಗಿಸಲು ನಿಮಗೆ ಮನಸ್ಸು ಬರಲಿಕ್ಕಿಲ್ಲ. ಎರಡು ಕೋಣೆಯ ನಡುವೆ ಒಳಬಾಗಿಲು ಇರುವ ಜೋಡಿ ಕೋಣೆಗಳು ಸಿಗುತ್ತವೆ, ಆದರೆ ಕಾಯ್ದಿರಿಸುವಾಗ ಗುರುತು ಹಾಕಿದರೆ ಅದು ಬರೀ ವಿನಂತಿ, ಖಾತರಿಯಲ್ಲ. ಹೋಟೆಲಿನವರಿಂದ ಇಮೇಲ್‌ನಲ್ಲಿ ಲಿಖಿತ ಒಪ್ಪಿಗೆ ಬರುವ ತನಕ ನಂಬಬೇಡಿ.

ನನ್ನ ಅಭಿಪ್ರಾಯದಲ್ಲಿ ನಿಮಗೆ ಸರಿಹೊಂದುವುದು ಅಪಾರ್ಟ್ ಹೋಟೆಲ್. ಆಡಾಜಿಯೊ, ಸಿತಾದಿನ್ ಮುಂತಾದ ಸರಪಳಿಗಳವು. ಒಂದು ಮಲಗುವ ಕೋಣೆ, ಹೊರಗೆ ಹಾಸಿಗೆಯಾಗುವ ಸೋಫಾ ಇರುವ ಹಜಾರ, ಮೂಲೆಯಲ್ಲಿ ಪುಟ್ಟ ಅಡುಗೆಕಟ್ಟೆ. ಐದಾರು ಜನರಿಗೆಂದೇ ಮಾಡಿದ ಮನೆಗಳೂ ಇವೆ. ನಡುವೆ ಬಾಗಿಲು ಇರುವುದು ಎಷ್ಟು ಮುಖ್ಯ ಎಂಬುದು ಮೊದಲ ರಾತ್ರಿಯೇ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆಯ ಅಂತರ. ಬೆಳಗಿನ ಐದಕ್ಕೆ ಏಳುವ ಅಭ್ಯಾಸವಿರುವ ನಿಮ್ಮ ಅತ್ತೆ ಪ್ಯಾರಿಸ್ ಗಡಿಯಾರದಲ್ಲಿ ರಾತ್ರಿ ಒಂದೂವರೆಗೆ ಕಣ್ಣು ಬಿಡುತ್ತಾರೆ, ಮಕ್ಕಳು ಮೂರಕ್ಕೆ. ಒಂದೇ ಕೋಣೆಯಾದರೆ ಐವರೂ ಎದ್ದು ಕೂರಬೇಕಾಗುತ್ತದೆ.

ಲೆಕ್ಕದ ಮೇಷ್ಟ್ರು

ತಂಗಿ, ರಾತ್ರಿಯ ದರವನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಕೋಣೆಯ ದರದ ಜೊತೆಗೆ ಏನೇನು ಸೇರುತ್ತದೆ ಎಂದು ನೋಡೋಣ.

ಪ್ಯಾರಿಸ್‌ನಲ್ಲಿ ಪ್ರವಾಸಿ ತೆರಿಗೆ ಇದೆ. ಪ್ರತಿ ರಾತ್ರಿ, ಪ್ರತಿ ವಯಸ್ಕರಿಗೆ. ಹೋಟೆಲಿಗೆ ನಕ್ಷತ್ರ ಹೆಚ್ಚಿದಷ್ಟೂ ತೆರಿಗೆ ಹೆಚ್ಚು, 2024ರಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಏರಿಸಿದರು. 18 ವರ್ಷದೊಳಗಿನವರಿಗೆ ಇಲ್ಲ, ಹಾಗಾಗಿ ನೀವು ಕೊಡಬೇಕಾದದ್ದು ಮೂವರಿಗೆ. ಹಲವು ಕಡೆ ಇದನ್ನು ಮೊದಲೇ ತೋರಿಸಿದ ಮೊತ್ತದಲ್ಲಿ ಸೇರಿಸದೆ ಅಲ್ಲಿ ಹೋದ ಮೇಲೆ ಕೇಳುತ್ತಾರೆ. ಬಿಲ್ಲಿನ ಒಡೆದ ವಿವರ ಓದಿ.

ಬೆಳಗಿನ ತಿಂಡಿ ತಲೆಗೆ 15 ಯೂರೋ ಎಂದಿಟ್ಟುಕೊಳ್ಳಿ. ಮೂವರು ದೊಡ್ಡವರಿಗೇ ದಿನಕ್ಕೆ 45. ಅದೇ ಹಣಕ್ಕೆ ಪಕ್ಕದ ಅಂಗಡಿಯಿಂದ ಬ್ರೆಡ್ಡು, ಹಾಲು, ಹಣ್ಣು, ಮೊಸರು ತಂದರೆ ಐವರಿಗೆ ತಿಂಡಿಯಾಗಿ ರಾತ್ರಿಯ ಊಟಕ್ಕೂ ಉಳಿಯುತ್ತದೆ. ಹಾಗಾಗಿ 150 ಯೂರೋ ಕೋಣೆಗೆ ತಿಂಡಿ ಸೇರಿಸಿದರೆ 195 ಆಗುತ್ತದೆ, ಅಡುಗೆಕಟ್ಟೆಯಿರುವ 190 ಯೂರೋ ಮನೆಯೇ ಅಗ್ಗ. ಇವು ಉದಾಹರಣೆಯ ಅಂಕಿಗಳು, ನಿಮ್ಮ ದಿನಾಂಕಕ್ಕೆ ನೀವೇ ಹಾಕಿ ನೋಡಿ.

ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ಟ್ಯಾಕ್ಸಿಗೆ ನಿಗದಿತ ದರವಿದೆ: 2025ರಲ್ಲಿ ಸೇನ್ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65. ಬೆರ್ಸಿ ಇರುವುದು ಬಲದಂಡೆಯಲ್ಲಿ. ಐದನೆಯ ಪ್ರಯಾಣಿಕರಿಗೆ ಅಲ್ಪ ಹೆಚ್ಚುವರಿ ಶುಲ್ಕವಿದೆ, ಐವರು ಕೂರುವ ದೊಡ್ಡ ಗಾಡಿ ಬೇಕೆಂದು ಸರದಿಯಲ್ಲೇ ಹೇಳಿ. ರೈಲಿಗೆ ಅದೇ ವರ್ಷ ತಲೆಗೆ 13 ಯೂರೋ ಇತ್ತು. ನೀವು ಮೂವರು ಮತ್ತು ಮಗಳು ಸೇರಿದರೆ ಅಲ್ಲಿಗೇ 52. ಸೂಟ್‌ಕೇಸ್ ಎಳೆದುಕೊಂಡು ಗಾಡಿ ಬದಲಿಸುವುದಕ್ಕಿಂತ ಟ್ಯಾಕ್ಸಿಯೇ ಮೇಲು. ನಿಲ್ದಾಣದ ಒಳಗೇ ಬಂದು ಟ್ಯಾಕ್ಸಿ ಬೇಕೇ ಎಂದು ಕೇಳುವವರ ಹಿಂದೆ ಹೋಗಬೇಡಿ, ಹೊರಗಿನ ಅಧಿಕೃತ ಸರದಿಯಲ್ಲೇ ನಿಲ್ಲಿ.

ವೀಸಾ ಶುಲ್ಕವನ್ನೂ ಬಜೆಟ್ಟಿನಲ್ಲಿ ಬರೆದುಕೊಳ್ಳಿ. 2024ರ ಜೂನ್‌ನಿಂದ ಷೆಂಗೆನ್ ವೀಸಾಕ್ಕೆ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಆರರೊಳಗಿನವರಿಗೆ ಇಲ್ಲ. ನಿಮ್ಮ ಕುಟುಂಬಕ್ಕೆ 315 ಯೂರೋ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಮತ್ತು 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇರೆ.

ಶರಾವತಿ ತೀರ

ಇಷ್ಟು ಬೇಗ ಇಷ್ಟೊಂದು ವಿವರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಗೋಪುರದ ಕಿಟಕಿಯನ್ನು ಮಗಳಿಗೆ ಹೇಳಿ ಬಿಡಿಸಿದ್ದೇನೆ, ಚಾಲಕನಿಲ್ಲದ ರೈಲಿನ ಮಾತು ಕೇಳಿ ಒಪ್ಪಿಕೊಂಡಳು.

ಎರಡು ಪ್ರಶ್ನೆ ಉಳಿದಿವೆ. ಯಜಮಾನರ ಸಹೋದ್ಯೋಗಿಯೊಬ್ಬರು ಹೋಟೆಲೇ ಬೇಡ, ಯಾರದಾದರೂ ಮನೆಯನ್ನು ವಾರದ ಬಾಡಿಗೆಗೆ ತೆಗೆದುಕೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಊರ ಹೊರಗೆ ಡಿಸ್ನಿಲ್ಯಾಂಡ್ ಕಡೆ ಉಳಿದರೆ ಅರ್ಧ ದರ ಎನ್ನುತ್ತಾರೆ. ಇವೆರಡರ ಬಗ್ಗೆ ಏನು ಹೇಳುತ್ತೀರಿ?

ಕುಂದಾಪುರದ ಅಲೆ

ಬಾಡಿಗೆ ಮನೆಯಲ್ಲಿ ಉಳಿದ ಅನುಭವ ನಮಗಿದೆ. ಚಿತ್ರದಲ್ಲಿ ಕಂಡಷ್ಟೇ ಚೆಂದದ ಮನೆ, ಒಡತಿಯೂ ಒಳ್ಳೆಯವರು. ಆದರೆ ಅದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿ. ಮೆಟ್ಟಿಲು ಮರದ್ದು, ಬಳಸಿ ಬಳಸಿ ನಡುಭಾಗ ತಗ್ಗಾಗಿತ್ತು, ಸುತ್ತಿಕೊಂಡು ಏರುವ ಕಡೆ ಒಳಅಂಚಿನಲ್ಲಿ ಪಾದ ಊರಲೂ ಜಾಗವಿರಲಿಲ್ಲ. ನನ್ನ ಅಪ್ಪ ಬೆಳಿಗ್ಗೆ ಒಮ್ಮೆ ಇಳಿದರೆ ರಾತ್ರಿಯ ತನಕ ಮೇಲೆ ಬರುವ ಮಾತೇ ಇಲ್ಲ. ಸುಸ್ತಾದಾಗಲೂ ಉದ್ಯಾನದ ಬೆಂಚಿನ ಮೇಲೆ ಕುಳಿತು ಕಾಯುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಲಿಫ್ಟ್ ಇದೆ ಎಂದು ಬರೆದಿದ್ದರೂ ಅದರ ಅಳತೆ ಕೇಳಿ. ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲಿನ ನಡುವಿನ ಕಿಂಡಿಯಲ್ಲಿ ಆಮೇಲೆ ಕೂರಿಸಿದ ಲಿಫ್ಟುಗಳಿವೆ. ಇಬ್ಬರು ಮೈಗೆ ಮೈ ತಾಗಿಸಿ ನಿಂತರೆ ಮುಗಿಯಿತು, ಸೂಟ್‌ಕೇಸನ್ನು ಬೇರೆಯೇ ಸಾರಿ ಕಳುಹಿಸಬೇಕು. ಕೆಲವು ಲಿಫ್ಟ್ ತಲುಪಬೇಕಾದರೆ ಬಾಗಿಲಿಂದ ಮೊದಲು ಐದಾರು ಮೆಟ್ಟಿಲು ಹತ್ತಬೇಕು.

ಕಾನೂನಿನ ಕಡೆಯೂ ನೋಡಿಕೊಳ್ಳಿ. ಪ್ಯಾರಿಸ್‌ನಲ್ಲಿ ಮನೆಯನ್ನು ಪ್ರವಾಸಿಗರಿಗೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿ, ಆ ಸಂಖ್ಯೆಯನ್ನು ಜಾಹೀರಾತಿನಲ್ಲಿ ತೋರಿಸಬೇಕು. ತಾವೇ ವಾಸಿಸುವ ಮನೆಯನ್ನು ವರ್ಷಕ್ಕೆ 120 ದಿನ ಕೊಡಬಹುದಿತ್ತು, 2025ರಿಂದ ಅದು 90 ದಿನಕ್ಕೆ ಇಳಿದಿದೆ. ಸಂಖ್ಯೆ ಕಾಣದ ಮನೆಯನ್ನು ಮುಟ್ಟಬೇಡಿ. ವೀಸಾ ಅರ್ಜಿಗೆ ಇಡೀ ವಾಸದ ಅವಧಿಯ ವಸತಿ ಪುರಾವೆ ಬೇಕು. ಕೊನೆಯ ಗಳಿಗೆಯಲ್ಲಿ ಮನೆಯವರು ಕೈಕೊಟ್ಟರೆ ಐವರಿಗೆ ಆ ಊರಿನಲ್ಲಿ ಆ ದರಕ್ಕೆ ಮತ್ತೊಂದು ಜಾಗ ಹುಡುಕುವುದು ಕಡುಕಷ್ಟ. ಬಟ್ಟೆ ಒಗೆಯುವ ಯಂತ್ರ ಸಿಗುತ್ತದೆ ಎಂಬುದು ಬಾಡಿಗೆ ಮನೆಯ ನಿಜವಾದ ಲಾಭ. ಆದರೆ ಅಪಾರ್ಟ್ ಹೋಟೆಲುಗಳಲ್ಲೂ ನಾಣ್ಯ ಹಾಕಿ ಒಗೆಯುವ ಯಂತ್ರ ಸಾಮಾನ್ಯವಾಗಿ ನೆಲಮಹಡಿಯಲ್ಲಿ ಇರುತ್ತದೆ.

ಧಾರವಾಡದ ಮಳೆ

ಊರ ಹೊರಗಿನ ವಸತಿಯ ಪರವಾಗಿ ನಾನು ಮಾತನಾಡುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಅದನ್ನು ಪಕ್ಕಕ್ಕೆ ಸರಿಸುವಂತೆ ಕಾಣುತ್ತಿದೆ. ಡಿಸ್ನಿಲ್ಯಾಂಡ್ ಪಕ್ಕದ ವಾಲ್ ದ್ಯುರೋಪ್ ಕಡೆ ಹೊಸ ಕಟ್ಟಡಗಳು, ಅಗಲವಾದ ಕೋಣೆಗಳು, ದೊಡ್ಡ ಲಿಫ್ಟು. ಅದೇ ದರಕ್ಕೆ ಊರೊಳಗೆ ಸಿಗುವುದಕ್ಕಿಂತ ಒಂದು ಕೋಣೆ ಹೆಚ್ಚು ಸಿಗುತ್ತದೆ. ಆರ್‌ಇಆರ್ ಎ ಎಂಬ ಉಪನಗರ ರೈಲಿನಲ್ಲಿ ನಲವತ್ತು ನಿಮಿಷದ ಹೊತ್ತಿಗೆ ಶಾತ್ಲೆ. ಹಿಂದೆ ದೂರಕ್ಕೆ ತಕ್ಕಂತೆ ಟಿಕೆಟ್ ದರ ಇತ್ತು. 2025ರ ಜನವರಿಯಿಂದ ಇಡೀ ಪ್ರಾಂತ್ಯಕ್ಕೆ ಒಂದೇ ದರ, ಆ ವರ್ಷ ಎರಡೂವರೆ ಯೂರೋ. ವಿಮಾನ ನಿಲ್ದಾಣದ ಪ್ರಯಾಣವೊಂದೇ ಇದಕ್ಕೆ ಹೊರತು. ದೂರ ಉಳಿದರೆ ಟಿಕೆಟ್ಟಿಗೆ ಹಣ ಹೆಚ್ಚು ಎಂಬ ಮಾತು ಈಗ ನಿಲ್ಲುವುದಿಲ್ಲ.

ಲಾ ದೆಫಾನ್ಸ್ ಕೂಡ ನೋಡಿ. ಅದು ಕಚೇರಿಗಳ ಪ್ರದೇಶ. ವಾರಾಂತ್ಯ ಮತ್ತು ರಜಾದಿನಗಳಲ್ಲಿ ಉದ್ಯೋಗ ನಿಮಿತ್ತ ಬರುವವರು ಇರುವುದಿಲ್ಲ, ಹೋಟೆಲ್ ದರ ಇಳಿಯುತ್ತದೆ.

ಸೇನ್ ದಂಡೆ

ಹಣದ ವಿಷಯದಲ್ಲಿ ನಿಮ್ಮ ಮಾತು ಸರಿ, ನಾನು ಒಪ್ಪುತ್ತೇನೆ. ಒಪ್ಪದಿರುವುದು ಹೊತ್ತಿನ ವಿಷಯದಲ್ಲಿ. ನಾಲ್ಕು ವರ್ಷದ ಮಗುವೂ ಅರವತ್ತೆಂಟರ ಹಿರಿಯರೂ ಇರುವ ಕುಟುಂಬಕ್ಕೆ ಮಧ್ಯಾಹ್ನ ಕೋಣೆಗೆ ಮರಳಲು ಆಗಬೇಕು. ಬೆಳಿಗ್ಗೆ ಒಂದು ಜಾಗ, ಒಂದೂವರೆಗೆ ಮನೆಗೆ ಬಂದು ಊಟ, ಎರಡು ಗಂಟೆ ಕಾಲು ಚಾಚಿ ಮಲಗುವುದು, ಐದಕ್ಕೆ ಮತ್ತೆ ಹೊರಗೆ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ, ಸಂಜೆ ಪೂರ್ತಿ ನಿಮ್ಮದೇ. ಬೆರ್ಸಿಯಿಂದ ಇದು ಸಾಧ್ಯ, ವಾಲ್ ದ್ಯುರೋಪ್‌ನಿಂದ ಸಾಧ್ಯವೇ ಇಲ್ಲ. ಅಲ್ಲಿ ಉಳಿದವರು ಬೆಳಿಗ್ಗೆ ಹೊರಟರೆ ರಾತ್ರಿಯೇ ಮರಳುವುದು, ಸಂಜೆಯ ದಟ್ಟಣೆಯಲ್ಲಿ ಕೂರಲು ಸೀಟು ಸಿಗದೆ ಮಗುವನ್ನು ಎತ್ತಿಕೊಂಡು ನಿಲ್ಲುವುದು. ನನ್ನ ಬಂಧುಗಳಲ್ಲಿ ಹಾಗೆ ಉಳಿದವರು ಲೂವ್ರ್ ನೋಡಿದ ನೆನಪಿಗಿಂತ ಹೆಚ್ಚಾಗಿ ರೈಲಿನ ಮಾತನ್ನೇ ಹೇಳುತ್ತಾರೆ.

ಧಾರವಾಡದ ಮಳೆ

ಮಧ್ಯಾಹ್ನದ ನಿದ್ದೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ನಮ್ಮ ಮಕ್ಕಳು ಹೋಗುವಾಗಲೇ ದೊಡ್ಡವರಾಗಿದ್ದರು. ಹಾಗಾದರೆ ಹೀಗೆ ಮಾಡಿ: ಡಿಸ್ನಿಲ್ಯಾಂಡ್ ನೋಡುವ ಉದ್ದೇಶ ಇದ್ದರೆ ಕೊನೆಯ ಒಂದೆರಡು ರಾತ್ರಿಗೆ ಮಾತ್ರ ಆ ಕಡೆ ವಸತಿ ಬದಲಿಸಿ. ಇಲ್ಲದಿದ್ದರೆ ಸೇನ್ ದಂಡೆಯವರ ಸಲಹೆಯೇ ಸರಿ.

ಚಾಮುಂಡಿ ತಪ್ಪಲು

ಮೊಸರನ್ನದ ಮಾತಿಗೆ ಬರುತ್ತೇನೆ. ಅಡುಗೆಯ ಬಗ್ಗೆ ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ, ನನಗೆ ಇದು ಬಹಳ ದೊಡ್ಡ ವಿಷಯ.

ಸಾಮಾನ್ಯ ಹೋಟೆಲ್ ಕೋಣೆಯಲ್ಲಿ ರೈಸ್ ಕುಕ್ಕರ್ ಇಟ್ಟು ಅನ್ನ ಮಾಡಲು ಹೋಗಬೇಡಿ. ನಿಯಮ ಒಪ್ಪುವುದಿಲ್ಲ, ಒಗ್ಗರಣೆ ಹಾಕಿದರೆ ಹೊಗೆಯ ಎಚ್ಚರಿಕೆ ಗಂಟೆ ಇಡೀ ಮಹಡಿಯನ್ನು ಎಬ್ಬಿಸುತ್ತದೆ. ಅಪಾರ್ಟ್ ಹೋಟೆಲಿನ ಅಡುಗೆಕಟ್ಟೆಯಲ್ಲಿ ಬೇಯಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಲ್ಲಿಯ ಒಲೆ ಹಲವು ಕಡೆ ಇಂಡಕ್ಷನ್. ಮನೆಯಿಂದ ಅಲ್ಯೂಮಿನಿಯಂ ಕುಕ್ಕರ್ ಹೊತ್ತೊಯ್ದರೆ ಅದು ಬಿಸಿಯೇ ಆಗುವುದಿಲ್ಲ. ಇಂಡಕ್ಷನ್‌ಗೆ ಹೊಂದುವ ತಳವಿರುವ ಸ್ಟೀಲಿನ ಸಣ್ಣ ಕುಕ್ಕರ್ ಒಯ್ಯಿರಿ. ಅಥವಾ ಅಲ್ಲಿರುವ ಪಾತ್ರೆಯಲ್ಲೇ ಅಕ್ಕಿಯನ್ನು ಹೆಚ್ಚು ನೀರಿಟ್ಟು ಬೇಯಿಸಿ, ಮೊಸರನ್ನಕ್ಕೆ ಅದು ಇನ್ನೂ ಹದವಾಗಿ ಮೆತ್ತಗಾಗುತ್ತದೆ. ವಿದ್ಯುತ್ ನಮ್ಮಂತೆಯೇ 230 ವೋಲ್ಟ್, ಪ್ಲಗ್ಗಿನ ಆಕಾರ ಮಾತ್ರ ಬೇರೆ, ಅಡಾಪ್ಟರ್ ಸಾಕು.

ಮೋನೊಪ್ರಿ, ಫ್ರಾಂಪ್ರಿ, ಕಾರ್ಫುರ್ ಅಂಗಡಿಗಳು ಎಲ್ಲ ಬೀದಿಗಳಲ್ಲೂ ಸಿಗುತ್ತವೆ. ಸಕ್ಕರೆ ಹಾಕದ ಸಾದಾ ಮೊಸರು ಅಗ್ಗ, ನಮ್ಮ ಮೊಸರಿಗಿಂತ ಹುಳಿ ಕಡಿಮೆ. ಬೇಕರಿಯಲ್ಲಿ ತ್ರಾದಿಸ್ಯೋಂ ಎಂಬ ಹೆಸರಿನ ಉದ್ದನೆಯ ಬ್ರೆಡ್ಡು ಕೇಳಿ. 1993ರ ಸರ್ಕಾರಿ ಆದೇಶದಂತೆ ಅದನ್ನು ಮಾಡುವುದು ಗೋಧಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಳಸಿ. ಮೊಟ್ಟೆಯ ಭಯವಿಲ್ಲದೆ ಅತ್ತೆಯವರಿಗೆ ಕೊಡಬಹುದು. ಗಾರ್ ದ್ಯು ನೋರ್ ರೈಲು ನಿಲ್ದಾಣ ಮತ್ತು ಲಾ ಶಪೆಲ್ ನಡುವಿನ ಬೀದಿಗಳಲ್ಲಿ ತಮಿಳರ ಅಂಗಡಿಗಳಿವೆ, ರ್ಯೂ ಕೈ ಎಂಬ ಬೀದಿಯಲ್ಲಿ ದೋಸೆ ಇಡ್ಲಿಯ ಸಸ್ಯಾಹಾರಿ ಹೋಟೆಲುಗಳಿವೆ. ಅಲ್ಲಿಂದ ಸ್ವಲ್ಪ ದೂರದಲ್ಲೇ 1985ರಲ್ಲಿ ಸ್ಥಾಪನೆಯಾದ ಮಾಣಿಕ್ಕ ವಿನಾಯಕರ ದೇವಸ್ಥಾನ. ಅತ್ತೆಯವರನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ, ಪೂಜೆ ಮುಗಿಸಿ ಅಲ್ಲೇ ಊಟ ಮಾಡಿ ಬನ್ನಿ. ಹಾಗೆಂದು ಅಲ್ಲಿಯೇ ವಸತಿ ಹುಡುಕಬೇಕಾಗಿಲ್ಲ. ರೈಲು ನಿಲ್ದಾಣದ ಸುತ್ತ ರಾತ್ರಿ ಗದ್ದಲ ಹೆಚ್ಚು, ಮಕ್ಕಳೊಂದಿಗೆ ನೆಮ್ಮದಿ ಇರುವುದಿಲ್ಲ.

ಪೆಟ್ಟಿಗೆ ತುಂಬುವಾಗ ಒಂದು ಎಚ್ಚರ. ಹೊರದೇಶಗಳಿಂದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪ, ಪೇಡ, ಹಾಲಿನ ಬರ್ಫಿ ಎಲ್ಲವೂ ಅದರಲ್ಲಿ ಸೇರುತ್ತವೆ. ಹಸಿ ಕರಿಬೇವು, ತರಕಾರಿ, ಬಹುತೇಕ ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಕಾಫಿಪುಡಿ ಧಾರಾಳವಾಗಿ ಒಯ್ಯಿರಿ. ಸ್ಟೀಲಿನ ಕಾಫಿ ಫಿಲ್ಟರನ್ನು ಮರೆಯಬೇಡಿ. ರಾತ್ರಿ ಒಂದೂವರೆಗೆ ಎಚ್ಚರವಾದಾಗ ಅತ್ತೆಯವರಿಗೆ ಅದೇ ಸಮಾಧಾನ.

ಇಬ್ಬರ ಅಮ್ಮ

ಹೇಳಲು ಮುಜುಗರವಾದರೂ ಎಲ್ಲರಿಗೂ ಬೇಕಾದ ಮಾತು: ಶೌಚಾಲಯದಲ್ಲಿ ನೀರಿನ ಪೈಪು ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ. ಕೆಲವು ಮನೆಗಳಲ್ಲಿ ಶೌಚಾಲಯ ಬೇರೆ, ಸ್ನಾನದ ಕೋಣೆ ಬೇರೆ ಇರುತ್ತದೆ. ಐವರು ಬೆಳಿಗ್ಗೆ ಒಟ್ಟಿಗೆ ಹೊರಡುವಾಗ ಅದು ವರ, ಆದರೆ ನೀರಿನ ನಲ್ಲಿ ಎಲ್ಲಿದೆ ಎಂದು ಚಿತ್ರದಲ್ಲಿ ನೋಡಿಕೊಳ್ಳಿ.

ಸ್ನಾನದ ತೊಟ್ಟಿಯ ಅಂಚು ಮಂಡಿಯ ಎತ್ತರಕ್ಕೆ ಇರುತ್ತದೆ. ಒದ್ದೆಯಾದ ತೊಟ್ಟಿಗೆ ಕಾಲೆತ್ತಿ ಇಡುವುದು ಮಂಡಿನೋವಿನವರಿಗೆ ಮೆಟ್ಟಿಲಿಗಿಂತ ಅಪಾಯ. ತೊಟ್ಟಿ ಬೇಡ, ನೆಲಮಟ್ಟದ ಶವರ್ ಬೇಕು ಎಂದು ಕೇಳಿ. ಅಂಗವಿಕಲರಿಗೆಂದು ಮಾಡಿದ ಕೋಣೆಗಳಲ್ಲಿ ಹಿಡಿಕೆಯೂ ಅಗಲವಾದ ಜಾಗವೂ ಇರುತ್ತದೆ. ಅತ್ತೆಯವರ ಸ್ಥಿತಿ ವಿವರಿಸಿ, ಖಾಲಿ ಇದ್ದರೆ ಕೊಡಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮೇ ತಿಂಗಳಾದ್ದರಿಂದ ಹವಾನಿಯಂತ್ರಣದ ಚಿಂತೆ ಕಡಿಮೆ. ಇದನ್ನು ಓದಿ ಜುಲೈಗೆ ಹೊರಡುವವರು ಮಾತ್ರ ಗಮನಿಸಿ: 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ ತಾಪಮಾನ 42.6 ಡಿಗ್ರಿ ಮುಟ್ಟಿತ್ತು. ಅಗ್ಗದ ಹೋಟೆಲುಗಳಲ್ಲಿ ಫ್ಯಾನ್ ಕೂಡ ಸಿಗದಿರಬಹುದು.

ಲೆಕ್ಕದ ಮೇಷ್ಟ್ರು

ದಿನಾಂಕದ ಬಗ್ಗೆ. ಮೇ 1 ಮತ್ತು 8 ಅಲ್ಲಿ ಸಾರ್ವತ್ರಿಕ ರಜೆ, ಅಸೆನ್ಶನ್ ಎಂಬ ಕ್ರೈಸ್ತ ಹಬ್ಬದ ಗುರುವಾರವೂ ಹೆಚ್ಚಿನ ವರ್ಷ ಮೇ ತಿಂಗಳಲ್ಲೇ ಬರುತ್ತದೆ. ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿಕೊಂಡು ಫ್ರೆಂಚರೇ ಪ್ರವಾಸ ಹೊರಡುತ್ತಾರೆ, ಆ ದಿನಗಳಲ್ಲಿ ಕುಟುಂಬದ ಕೋಣೆಗಳು ಮೊದಲು ಖಾಲಿಯಾಗುತ್ತವೆ. ಮೇ 1ರಂದು ಲೂವ್ರ್ ಮುಚ್ಚಿರುತ್ತದೆ. ಮೇ ಕೊನೆಯಲ್ಲಿ ರೊಲಾಂ ಗಾರೋಸ್ ಟೆನಿಸ್ ಪಂದ್ಯಾವಳಿ ಶುರುವಾಗಿ ದರ ಏರುತ್ತದೆ. ಮೇ ಎರಡನೆಯ ಮೂರನೆಯ ವಾರದಲ್ಲಿ ಈ ರಜೆಗಳನ್ನು ತಪ್ಪಿಸಿ ಬೀಳುವ ಏಳು ದಿನ ಹುಡುಕಿ.

ಕಾಯ್ದಿರಿಸುವುದನ್ನು ಈಗಲೇ ಮಾಡಿ, ಆದರೆ ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲೇ ಮಾಡಿ. ವೀಸಾ ಕೈಗೆ ಬರುವ ಮುನ್ನ ವಾಪಸಾಗದ ದರಕ್ಕೆ ಆಸೆಪಡುವುದು ತರವಲ್ಲ. ಅರ್ಜಿಯನ್ನು ಪ್ರಯಾಣದ ದಿನಕ್ಕೆ ಆರು ತಿಂಗಳು ಇರುವಾಗಿನಿಂದಲೇ ಕೊಡಬಹುದು. ವೀಸಾ ಬಂದ ದಿನ ಅದೇ ಹೋಟೆಲಿನ ದರವನ್ನು ಮತ್ತೆ ನೋಡಿ, ಇಳಿದಿದ್ದರೆ ಹೊಸದಾಗಿ ಕಾಯ್ದಿರಿಸಿ ಹಳೆಯದನ್ನು ಬಿಡಿ. ಹೋಟೆಲ್ ಸೇರುವಾಗ ಕಾರ್ಡಿನಲ್ಲಿ ಮುಂಗಡ ಮೊತ್ತವೊಂದನ್ನು ತಡೆಹಿಡಿಯುತ್ತಾರೆ, ಆ ಹಣ ಬಿಡುಗಡೆಯಾಗಲು ದಿನಗಳು ಹಿಡಿಯುತ್ತವೆ. ಖರ್ಚಿಗೆಂದು ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡನ್ನು ಅದಕ್ಕೆ ಕೊಡದೆ ಬೇರೆ ಕಾರ್ಡ್ ಕೊಡಿ.

ಶರಾವತಿ ತೀರ

ನಿನ್ನೆ ರಾತ್ರಿ ಯಜಮಾನರು, ನಾನು, ಅತ್ತೆ ಮೂವರೂ ಕುಳಿತು ಇದನ್ನೆಲ್ಲ ಓದಿದೆವು. ಬೆರ್ಸಿ ಕಡೆ, 14ನೇ ಮಾರ್ಗದ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಒಂದು ಮಲಗುವ ಕೋಣೆಯ ಅಪಾರ್ಟ್ ಹೋಟೆಲ್ ಮನೆ ನೋಡಿದ್ದೇವೆ. ರಾತ್ರಿಗೆ 194 ಯೂರೋ ಬರುತ್ತದೆ, ರದ್ದು ಮಾಡುವ ಅವಕಾಶವಿದೆ. ಮೊದಲು ಇಟ್ಟುಕೊಂಡಿದ್ದಕ್ಕಿಂತ ಹೆಚ್ಚು, ಆದರೆ ತಿಂಡಿಯ ಲೆಕ್ಕ ಹಾಕಿದ ಮೇಲೆ ಯಜಮಾನರೇ ಒಪ್ಪಿದರು.

ಹೋಟೆಲಿಗೆ ಕಳುಹಿಸಲು ಹೀಗೆ ಬರೆದಿದ್ದೇನೆ, ಇದನ್ನೇ ಅವರ ಭಾಷೆಗೆ ಮಾಡಿಸುತ್ತೇನೆ: “ನಾವು ಮೂವರು ವಯಸ್ಕರು, 10 ಮತ್ತು 4 ವರ್ಷದ ಇಬ್ಬರು ಮಕ್ಕಳು. ಒಬ್ಬರು ಹಿರಿಯರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಬೀದಿಯ ಬಾಗಿಲಿನಿಂದ ನಮ್ಮ ಮನೆಯ ಬಾಗಿಲಿನವರೆಗೆ ಒಂದಾದರೂ ಮೆಟ್ಟಿಲು ಇದೆಯೇ? ಸ್ನಾನಕ್ಕೆ ತೊಟ್ಟಿಯೋ ನೆಲಮಟ್ಟದ ಶವರ್ರೋ? ಮಲಗುವ ಕೋಣೆಗೂ ಹಜಾರಕ್ಕೂ ನಡುವೆ ಮುಚ್ಚುವ ಬಾಗಿಲು ಇದೆಯೇ? ಐವರಿಗೂ ಪ್ರತ್ಯೇಕವಾಗಿ ಎಣಿಸಿದ ಹಾಸಿಗೆಗಳಿವೆಯೇ? ಒಲೆ ಇಂಡಕ್ಷನ್ ಆಗಿದೆಯೇ?” ಏನಾದರೂ ಬಿಟ್ಟುಹೋಗಿದೆಯೇ? ಬೆಂಗಳೂರಿನಿಂದ ನೇರ ವಿಮಾನ ಬೆಳಿಗ್ಗೆಯೇ ಇಳಿಯುತ್ತದೆ, ಕೋಣೆ ಕೊಡುವುದು ಮಧ್ಯಾಹ್ನ ಮೂರಕ್ಕೆ ಎಂದಿದೆ. ಆ ನಡುವಿನ ಹೊತ್ತಿನಲ್ಲಿ ಅತ್ತೆಯವರನ್ನು ಎಲ್ಲಿ ಕೂರಿಸುವುದು ಎಂಬುದೊಂದೇ ಈಗ ಚಿಂತೆ.

ಸೇನ್ ದಂಡೆ

ಪತ್ರ ಚೆನ್ನಾಗಿದೆ ಅಕ್ಕ. ಎರಡು ಸಾಲು ಸೇರಿಸಿ: ಬೆಳಿಗ್ಗೆ ಹತ್ತರ ಹೊತ್ತಿಗೆ ಬರುತ್ತೇವೆ, ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತೀರಾ, ಬೇಗ ಕೋಣೆ ಕೊಡಲು ಎಷ್ಟು ಹೆಚ್ಚುವರಿ ಹಣ ಎಂದು. ಪೆಟ್ಟಿಗೆಗಳನ್ನು ಬಹುತೇಕ ಎಲ್ಲರೂ ಉಚಿತವಾಗಿ ಇಟ್ಟುಕೊಳ್ಳುತ್ತಾರೆ. ಹಿಂದಿನ ರಾತ್ರಿ ಆ ಮನೆ ಖಾಲಿ ಇದ್ದರೆ ಹನ್ನೆರಡಕ್ಕೇ ಬೀಗದ ಕೈ ಕೊಡುವುದೂ ಉಂಟು, ಅದಕ್ಕೆ ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ ಬರೆಯಿರಿ.

ಕೊಡದಿದ್ದರೂ ಆ ಪ್ರದೇಶದಲ್ಲಿ ತೊಂದರೆಯಿಲ್ಲ. ಬೆರ್ಸಿ ಉದ್ಯಾನ ಪಕ್ಕದಲ್ಲೇ ಇದೆ, ನೆರಳಿನ ಬೆಂಚುಗಳಿವೆ, ಮಕ್ಕಳಿಗೆ ಓಡಲು ಹುಲ್ಲುಹಾಸು. ಕೂರ್ ಸೇಂತ್ ಎಮಿಲಿಯೋಂ ಎಂಬಲ್ಲಿ ಹಿಂದಿನ ಕಾಲದ ವೈನ್ ಗೋದಾಮುಗಳನ್ನು ಅಂಗಡಿ ಸಾಲುಗಳಾಗಿ ಮಾಡಿದ್ದಾರೆ, ವಾಹನಗಳು ಒಳಗೆ ಬರುವುದಿಲ್ಲ. ಮಳೆ ಬಂದರೆ ಅಲ್ಲಿಯ ಕೆಫೆಯೊಂದರಲ್ಲಿ ಕೂರಬಹುದು, ಒಂದು ಕಾಫಿ ತೆಗೆದುಕೊಂಡರೆ ಎದ್ದು ಹೋಗಿ ಎಂದು ಯಾರೂ ಹೇಳುವುದಿಲ್ಲ. ಕೈಚೀಲದಲ್ಲಿ ಅತ್ತೆಯವರ ಮಾತ್ರೆ, ಒಂದು ಶಾಲು, ಮಕ್ಕಳಿಗೆ ಬದಲಿ ಬಟ್ಟೆ, ಕಲಸಿದ ಅವಲಕ್ಕಿಯ ಡಬ್ಬಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ನಲ್ಲಿ ನೀರು ಕುಡಿಯಲು ಯೋಗ್ಯ, ಖಾಲಿ ಬಾಟಲಿ ಇದ್ದರೆ ಉದ್ಯಾನದ ಕುಡಿಯುವ ನೀರಿನ ನಲ್ಲಿಯಲ್ಲೇ ತುಂಬಿಕೊಳ್ಳಬಹುದು.

ಹೋಟೆಲಿನಿಂದ ಬಂದ ಉತ್ತರವನ್ನು ಇಲ್ಲಿ ಹಾಕಿ. ಮೆಟ್ಟಿಲಿನ ಪ್ರಶ್ನೆಗೆ ಅವರು ನೇರವಾಗಿ ಉತ್ತರಿಸದೆ ಬರೀ “ಲಿಫ್ಟ್ ಇದೆ” ಎಂದಷ್ಟೇ ಬರೆದರೆ ಹೇಳಿ, ನಾನು ಒಂದು ಸಂಜೆ ಆ ಕಡೆ ಹೋಗಿ ಬಾಗಿಲನ್ನು ನೋಡಿ ಬರುತ್ತೇನೆ.